ಫರ್ನೇಸ್ ಹಚ್ಚದೇ ಫೆರೈಟ್: ಬಾಲ್ ಮಿಲ್ ಒಳಗೆ ನಡೆಯುವುದೇನು?

[ದೃಶ್ಯ: ಭೀಮಸಮುದ್ರದ ಕಡೆಯ ರಸ್ತೆ, ಅದಿರಿನ ಲಾರಿ, ಕೆಂಪು ಧೂಳು]

ನಮಸ್ಕಾರ. ಚಿತ್ರದುರ್ಗದಿಂದ ಭೀಮಸಮುದ್ರದ ಕಡೆ ಬೈಕಿನಲ್ಲಿ ಹೋದವರಿಗೆ ಈ ಕೆಂಪು ಗೊತ್ತು. ಮುಂದೆ ಅದಿರಿನ ಲಾರಿ ಇದ್ದರೆ ಬಿಳಿ ಅಂಗಿಯ ಕಥೆ ಮುಗಿಯಿತು. ಆ ಕೆಂಪಿಗೆ ಕಾರಣ ಹೆಮಟೈಟ್, ಅಂದರೆ ಫೆರಿಕ್ ಆಕ್ಸೈಡ್. ಇವತ್ತು ಅದಕ್ಕೆ ಜಿಂಕ್ ಆಕ್ಸೈಡ್ ಸೇರಿಸಿ ಜಿಂಕ್ ಫೆರೈಟ್ ಮಾಡೋಣ. ಫೆರೈಟ್ ಅಂದರೆ ಫೆರಿಕ್ ಆಕ್ಸೈಡ್ ಜೊತೆ ಇನ್ನೊಂದು ಲೋಹದ ಆಕ್ಸೈಡ್ ಕೂಡಿ ಆಗುವ ಸಂಯುಕ್ತ. ಗಣಿಯ ಮಣ್ಣಿನಿಂದಲ್ಲ ಮತ್ತೆ! ಅದರಲ್ಲಿ ಸಿಲಿಕಾ, ಅಲ್ಯುಮಿನಾ ಎಲ್ಲಾ ಸೇರಿರುತ್ತವೆ. ಲ್ಯಾಬಿನ ಶುದ್ಧ ಪುಡಿಯೇ ಬೇಕು.

ಮಾಮೂಲಿ ದಾರಿ ಅಂದರೆ ಎರಡೂ ಪುಡಿ ಬೆರೆಸಿ, ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಸುಡುವುದು. ಯಾಕಿಷ್ಟು ಬಿಸಿ? ಅಷ್ಟು ಬಿಸಿಯಲ್ಲೂ ಈ ಪುಡಿಗಳು ಕರಗುವುದಿಲ್ಲ. ಎರಡು ಕಣ ತಾಗಿದ ಕಡೆ ಮಾತ್ರ ಫೆರೈಟಿನ ತೆಳು ಪದರ ಹುಟ್ಟುತ್ತದೆ. ಆಮೇಲೆ ಆ ಪದರವೇ ಅಡ್ಡ ನಿಲ್ಲುತ್ತದೆ. ಅಯಾನುಗಳು ಅದರೊಳಗೆ ತೂರಿಕೊಂಡು ಆಚೆ ಹೋಗಬೇಕು. ತಣ್ಣಗಿದ್ದರೆ ಅವು ಜಾಗ ಬಿಟ್ಟು ಕದಲುವುದಿಲ್ಲ.

ಬಾಲ್ ಮಿಲ್ ಅಂದರೆ ಜಾರಿನೊಳಗೆ ಗಟ್ಟಿ ಗುಂಡು ಹಾಕಿ, ತಿರುಗಿಸಿ ಪುಡಿ ಅರೆಯುವ ಯಂತ್ರ. ಅದು ಈ ಪದರವನ್ನೇ ಒಡೆಯುತ್ತದೆ. ಗುಂಡು ಬಡಿದಾಗ ಕಣ ಸೀಳುತ್ತದೆ, ಹೊಸ ಮೈ ಹೊರಗೆ ಬರುತ್ತದೆ. ಮುಂದಿನ ಹೊಡೆತಕ್ಕೆ ಅದು ಇನ್ನೊಂದು ಆಕ್ಸೈಡಿಗೆ ಒತ್ತಿಕೊಳ್ಳುತ್ತದೆ. ಹರಳಿನ ಒಳಗೂ ಬಿರುಕು, ದೋಷ ತುಂಬುತ್ತವೆ. ಅಯಾನು ದಾಟಬೇಕಾದ ದೂರ ನ್ಯಾನೋಮೀಟರ್ ಲೆಕ್ಕಕ್ಕೆ ಇಳಿಯುತ್ತದೆ. ಹಾಗಾಗಿ ಫರ್ನೇಸ್ ಇಲ್ಲದೆಯೂ ಫೆರೈಟ್ ಹುಟ್ಟುತ್ತದೆ.

[ಅನಿಮೇಷನ್: ತಿರುಗುವ ತಟ್ಟೆ, ಅದರ ಮೇಲೆ ಉಲ್ಟಾ ತಿರುಗುವ ಜಾರ್]

ಮಾಮೂಲಿ ಬಾಲ್ ಮಿಲ್ಲಿನ ಡ್ರಮ್ಮಿಗೆ ಇದು ಕಷ್ಟ. ಜಾಸ್ತಿ ಜೋರಾಗಿ ತಿರುಗಿಸಿದರೆ ಗುಂಡುಗಳು ಗೋಡೆಗೆ ಅಂಟಿಕೊಂಡೇ ಸುತ್ತುತ್ತವೆ, ಬೀಳುವುದೇ ಇಲ್ಲ. ಪ್ಲಾನೆಟರಿ ಮಿಲ್ ಬೇರೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಂಥ ಕಡೆ ಕಪ್-ಸಾಸರ್ ಆಟ ನೋಡಿರುತ್ತೀರಿ. ತಟ್ಟೆಯೂ ತಿರುಗುತ್ತದೆ, ಕೂತ ಕಪ್ಪೂ ತಿರುಗುತ್ತದೆ. ಇಲ್ಲಿ ಕಪ್ಪಿನ ಜಾಗದಲ್ಲಿ ಜಾರ್, ತಿರುಗುವುದು ತಟ್ಟೆಗೆ ವಿರುದ್ಧ ದಿಕ್ಕಿಗೆ. ಗುಂಡುಗಳು ಗೋಡೆ ಬಿಟ್ಟು ಹಾರಿ ಎದುರಿನ ಗೋಡೆಗೆ ಅಪ್ಪಳಿಸುತ್ತವೆ.

ಅಳತೆಗೆ ಬರೋಣ. 20 ಗ್ರಾಂ ಫೆರೈಟ್ ಬೇಕಾದರೆ ಜಿಂಕ್ ಆಕ್ಸೈಡ್ 6.75 ಗ್ರಾಂ, ಫೆರಿಕ್ ಆಕ್ಸೈಡ್ 13.25 ಗ್ರಾಂ. ಪುಡಿಯ ಹತ್ತು ಪಟ್ಟು ತೂಕದ ಗುಂಡು, ಅಂದರೆ 200 ಗ್ರಾಂ. 10 ಮಿಲಿಮೀಟರ್ ಜಿರ್ಕೋನಿಯಾ (ಗಟ್ಟಿ ಸೆರಾಮಿಕ್) ಗುಂಡು ಒಂದಕ್ಕೆ ಮೂರು ಗ್ರಾಂ ಚಿಲ್ಲರೆ, ಸುಮಾರು 64 ಗುಂಡು ಹಿಡಿಯುತ್ತವೆ. ಜಾರನ್ನು ಕಂಠಮಟ್ಟ ತುಂಬಬೇಡಿ. ಗುಂಡಿಗೆ ಹಾರಲು ಜಾಗ ಬೇಕಲ್ವಾ? ನಡುನಡುವೆ ನಿಲ್ಲಿಸಿ ಜಾರ್ ಆರಲು ಬಿಡಿ. ಬಿಸಿ ಜಾರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ, ಒಳಗೆ ಒತ್ತಡ ಇರುತ್ತದೆ.

[ದೃಶ್ಯ: ಅರೆದ ಪುಡಿಯ ಹತ್ತಿರ ಅಯಸ್ಕಾಂತ]

ಈಗ ಮಜಾ ಇರುವ ಭಾಗ. ಸುಟ್ಟು ಮಾಡಿದ ಜಿಂಕ್ ಫೆರೈಟ್ ಕೋಣೆಯ ಉಷ್ಣತೆಯಲ್ಲಿ ಅಯಸ್ಕಾಂತಕ್ಕೆ ಅಷ್ಟಾಗಿ ಓಗೊಡುವುದಿಲ್ಲ. ಅರೆದದ್ದು ಓಗೊಡುತ್ತದೆ. ಸುಟ್ಟದ್ದರಲ್ಲಿ ಸತುವಿನ ಜಾಗ ಬೇರೆ, ಕಬ್ಬಿಣದ ಜಾಗ ಬೇರೆ. ಮಿಲ್ಲಿನ ಹೊಡೆತಕ್ಕೆ ಸೀಟು ಅದಲುಬದಲಾಗಿ, ಸ್ವಲ್ಪ ಕಬ್ಬಿಣ ಸತುವಿನ ಜಾಗಕ್ಕೂ ಹೋಗುತ್ತದೆ. ಆಗ ಎರಡೂ ಕಡೆಯ ಕಬ್ಬಿಣದ ನಡುವೆ ಬಲವಾದ ಕಾಂತೀಯ ನಂಟು ಬೆಳೆಯುತ್ತದೆ.

ಪುಡಿ ಅಂಟಿತು ಅಂತ ತಕ್ಷಣ ರಿಪೋರ್ಟ್ ಬರೆಯಲು ಕೂರಬೇಡಿ. ಜಾರ್ ಯಾವುದು? ಸ್ಟೀಲ್ ಆಗಿದ್ದರೆ ಗಂಟೆಗಟ್ಟಲೆ ಬಡಿದ ಗುಂಡು ಸವೆದು ಕಬ್ಬಿಣ ಪುಡಿಗೆ ಸೇರಿರುತ್ತದೆ. ಅಂಟಿದ್ದು ಅದೇ ಇರಬಹುದು. ಎಕ್ಸ್‌ಆರ್‌ಡಿ ಮಾಡಿದರೆ ಗೊತ್ತಾಗುತ್ತೆ ಅಂತೀರಾ? ಅಂದರೆ ಎಕ್ಸ್-ಕಿರಣ ಹಾಯಿಸಿ, ಅದು ಯಾವ ಕೋನದಲ್ಲಿ ಜೋರಾಗಿ ಚದುರುತ್ತದೆ (ಅದೇ ಪೀಕ್) ಅಂತ ನೋಡಿ ಹರಳು ಗುರುತಿಸುವ ಪರೀಕ್ಷೆ. ಕಬ್ಬಿಣ ಕಬ್ಬಿಣವಾಗಿಯೇ ಉಳಿದಿದ್ದರೆ 44.7 ಡಿಗ್ರಿ ಹತ್ತಿರ ಪೀಕ್ ಕಾಣಬಹುದು. ಆದರೆ ಅದು ಹೆಮಟೈಟ್ ಜೊತೆ ಸೇರಿ ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಇನ್ನೊಂದು ಕಬ್ಬಿಣದ ಆಕ್ಸೈಡ್, ಆಗುವುದೂ ಉಂಟು. ಮ್ಯಾಗ್ನೆಟೈಟಿನ ಮುಖ್ಯ ಪೀಕ್ 35.4 ಡಿಗ್ರಿ, ಜಿಂಕ್ ಫೆರೈಟಿನದು 35.3. ಅರೆದ ಪುಡಿಯ ಪೀಕುಗಳು ಹೇಗೂ ಅಗಲ. ಎರಡನ್ನೂ ಬೇರೆ ಮಾಡಿ ತೋರಿಸಿ ನೋಡೋಣ! ನನ್ನ ಪ್ರಕಾರ ಫೆರೈಟಿಗೆ ಸ್ಟೀಲ್ ಜಾರ್ ಬೇಡವೇ ಬೇಡ. ಜಿರ್ಕೋನಿಯಾನೂ ಸವೆಯುತ್ತದೆ, ಆದರೆ ಅಯಸ್ಕಾಂತದ ಹತ್ತಿರ ಸುಳ್ಳು ಹೇಳುವುದಿಲ್ಲ.

ಅರೆದು ರಾಸಾಯನಿಕ ಕ್ರಿಯೆ ನಡೆಸುವುದು ಹೊಸದೇನಲ್ಲ. 1820ರಲ್ಲೇ ಮೈಕೆಲ್ ಫ್ಯಾರಡೆ ಸಿಲ್ವರ್ ಕ್ಲೋರೈಡನ್ನು ಸತುವಿನ ಜೊತೆ ಕಲ್ಬತ್ತಿನಲ್ಲಿ ಅರೆದು ಬೆಳ್ಳಿ ತೆಗೆದಿದ್ದ. ಸೀಸ ಇರುವ ಪಿಝೆಡ್‌ಟಿ (ಲೆಡ್ ಜಿರ್ಕೋನೇಟ್ ಟೈಟನೇಟ್) ಥರದ ಸೆರಾಮಿಕ್‌ಗಳಿಗೂ ಈ ದಾರಿ ಒಗ್ಗುತ್ತದೆ. ಬಿಸಿ ಕಡಿಮೆಯಾದರೆ ಆವಿಯಾಗಿ ಹೋಗುವ ಸೀಸವೂ ಕಡಿಮೆ.

ಅಂದಹಾಗೆ, ಮಿಲ್ಲಿನಿಂದ ಬಂದದ್ದು ಪುಡಿ, ಇನ್ನೂ ಸೆರಾಮಿಕ್ ಅಲ್ಲ. ಒತ್ತಿ ಬಿಲ್ಲೆ ಮಾಡಿ ಸುಡಲೇಬೇಕು. ಕಣ ಸಣ್ಣದಾದ್ದರಿಂದ ಅಲ್ಲೂ ಬಿಸಿ ಕಡಿಮೆ ಸಾಕು, ಅಷ್ಟೇ. "ಫರ್ನೇಸೇ ಬೇಡ" ಅನ್ನುವ ಮಾತು ಪುಡಿಯ ಮಟ್ಟಿಗೆ ಮಾತ್ರ ನಿಜ.

[ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ: ಎಚ್ಚರಿಕೆ]

ದಾವಣಗೆರೆ, ದುರ್ಗದ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡುವವರು ಕೇಳಿ. ಮಿಲ್ಲಿಗೆ ಹೆಸರು ಬರೆಸುವಾಗ, ಆ ಜಾರಿನಲ್ಲಿ ಹಿಂದೆ ಏನು ಅರೆದಿದ್ದರು ಅಂತ ವಿಚಾರಿಸಿ. ಅಲ್ಯುಮಿನಿಯಂ ಪುಡಿ ಅಂದರೆ ಆ ಜಾರ್ ಮುಟ್ಟಬೇಡಿ. ಅಲ್ಯುಮಿನಿಯಂ ಮತ್ತು ಫೆರಿಕ್ ಆಕ್ಸೈಡ್ ಸೇರಿದರೆ ಥರ್ಮೈಟ್, ಅಂದರೆ ಭಾರಿ ಬಿಸಿಯಾಗಿ ಉರಿಯುವ ಮಿಶ್ರಣ. ಮಿಲ್ಲಿನ ಹೊಡೆತಕ್ಕೇ ಹೊತ್ತಿಕೊಳ್ಳಬಹುದು. ಬೇರೆ ಆಕ್ಸೈಡ್ ಆಗಿದ್ದರೆ ಮೊದಲು ಸ್ವಲ್ಪ ನಿಮ್ಮದೇ ಪುಡಿ ಹಾಕಿ ತಿರುಗಿಸಿ, ಅದನ್ನು ಚೆಲ್ಲಿ, ಆಮೇಲೆ ತೂಕ ಮಾಡಿದ ಪುಡಿ ಹಾಕಿ.