ಬ್ಯಾಡ್ಜ್ ಧರಿಸಿದವರ ಸಮ್ಮೇಳನ

ಕೇಳುಗರೆಲ್ಲರಿಗೂ ನಮಸ್ಕಾರ.

1922ರಲ್ಲಿ ದಾವಣಗೆರೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು, ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು. ಎಪ್ಪತ್ತು ವರ್ಷಗಳ ನಂತರ, 1992ರಲ್ಲಿ, ಅದೇ ಊರಿನಲ್ಲಿ ಜಿ.ಎಸ್. ಶಿವರುದ್ರಪ್ಪ. 2009ರಲ್ಲಿ ಚಿತ್ರದುರ್ಗದ ಎಪ್ಪತ್ತೈದನೆಯ ಸಮ್ಮೇಳನಕ್ಕೆ ಎಲ್. ಬಸವರಾಜು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಒಲೆ ಹೊತ್ತಿಸಿದವರು, ಜಮಖಾನ ಹಾಸಿದವರು, ರೈಲು ನಿಲ್ದಾಣದಲ್ಲಿ ಅತಿಥಿಗಳಿಗಾಗಿ ಕಾದು ನಿಂತವರು ಆ ಪಟ್ಟಿಯಲ್ಲಿ ಬರುವುದಿಲ್ಲ. ಬರಬೇಕೆಂದು ಅವರೂ ಕೇಳಿದವರಲ್ಲ. ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಅಂಥವರ ಬಗ್ಗೆ. ದೊಡ್ಡ ಸಮ್ಮೇಳನಗಳಿಗೆ ಸರ್ಕಾರದ ಅನುದಾನವಿರುತ್ತದೆ, ಅಧಿಕಾರಿಗಳ ದಂಡಿರುತ್ತದೆ. ಅವನ್ನು ಬಿಡೋಣ. ನಮ್ಮ ತಾಲ್ಲೂಕು, ಹೋಬಳಿ ಮಟ್ಟದಲ್ಲಿ ಒಂದೋ ಎರಡೋ ದಿನ ನಡೆಯುತ್ತವಲ್ಲ, ಆ ಸಮ್ಮೇಳನಗಳನ್ನು ನೋಡೋಣ.

ಮೊದಲು ರಸೀದಿ ಪುಸ್ತಕ ಅಚ್ಚಾಗುತ್ತದೆ. ಹಣಕಾಸು ಸಮಿತಿಯವರು ಎಪಿಎಂಸಿಯ ದಲಾಲಿ ಅಂಗಡಿಗಳಿಗೂ ಅಕ್ಕಿ ಗಿರಣಿಗಳಿಗೂ ಹೋಗುತ್ತಾರೆ. ನಮ್ಮ ವ್ಯಾಪಾರಿಗಳು ರೊಕ್ಕ ಕೊಡುವಾಗ ಸ್ವಲ್ಪ ಯೋಚಿಸುತ್ತಾರೆ, ದಿನಸಿ ಕೊಡುವಾಗ ಯೋಚಿಸುವುದಿಲ್ಲ. ಒಬ್ಬರು ಅಕ್ಕಿ, ಇನ್ನೊಬ್ಬರು ಬೆಲ್ಲ, ಮತ್ತೊಬ್ಬರು ಎಣ್ಣೆ ಡಬ್ಬ. ಮೆಕ್ಕೆಜೋಳದ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತು ನೋಡಿ ದಿನಾಂಕ ಗೊತ್ತು ಮಾಡುವುದು ಇದೇ ಕಾರಣಕ್ಕೆ.

ನನ್ನ ಪ್ರಕಾರ ಇಡೀ ಸಮ್ಮೇಳನದಲ್ಲಿ ಅತ್ಯಂತ ಕಷ್ಟದ ಬರವಣಿಗೆ ಎಂದರೆ ಆಹ್ವಾನ ಪತ್ರಿಕೆ. ಉದ್ಘಾಟಕರು, ಆಶಯ ನುಡಿಯವರು, ಘನ ಉಪಸ್ಥಿತಿಯವರು, ಮುಖ್ಯ ಅತಿಥಿಗಳು, ಅವರ ನಂತರ ಬರೀ ಅತಿಥಿಗಳು. ಯಾರ ಹೆಸರು ಯಾರ ಕೆಳಗೆ, ಯಾರ ಭಾವಚಿತ್ರ ಎಷ್ಟು ದೊಡ್ಡದು, ಇದನ್ನೆಲ್ಲ ತೂಗಿ ನೋಡುವ ಹೊತ್ತಿಗೆ ಕರಡು ತಿದ್ದುವವನ ಕಣ್ಣು ಬತ್ತಿರುತ್ತದೆ. ಒಂದು ಹೆಸರು ಬಿಟ್ಟುಹೋದರೆ ರಾತ್ರಿ ಹನ್ನೊಂದು ಗಂಟೆಗೆ ಮೊಬೈಲ್ ಬಡಿದುಕೊಳ್ಳುತ್ತದೆ. ಅದಕ್ಕೇ ಪ್ರತಿ ವರ್ಷ ಪತ್ರಿಕೆಗೆ ಒಂದು ಮಡಿಕೆ ಹೆಚ್ಚಾಗುತ್ತಾ ಹೋಗುತ್ತದೆ. ವೇದಿಕೆಯ ಕುರ್ಚಿಗಳೂ ಹೆಚ್ಚಾಗುತ್ತವೆ. ಸಭಾಂಗಣದ ಕುರ್ಚಿಗಳು ಮಾತ್ರ ಬಾಡಿಗೆಯ ಲೆಕ್ಕದಲ್ಲಿಯೇ ಇರುತ್ತವೆ.

ಊಟದ ವಿಷಯದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಿರಿಗೆರೆ ಮಠದವರು ನಡೆಸುವ ತರಳಬಾಳು ಹುಣ್ಣಿಮೆ 1950ರಲ್ಲಿ ಜಗಳೂರಿನಲ್ಲಿ ಆರಂಭವಾದದ್ದು. ವರ್ಷಕ್ಕೊಂದು ಊರು, ಒಂಬತ್ತು ದಿನದ ಉತ್ಸವ, ಬಂದವರಿಗೆಲ್ಲ ದಾಸೋಹ. ಜಾತ್ರೆ, ಹುಣ್ಣಿಮೆಗಳಲ್ಲಿ ಪಂಕ್ತಿ ಬಡಿಸಿ ಪಳಗಿದ ಕೈಗಳೇ ಸಾಹಿತ್ಯ ಸಮ್ಮೇಳನಕ್ಕೂ ಬರುತ್ತವೆ. ಜಗಳೂರಿನ ಕಡೆಯವರು ಜೋಳದ ರೊಟ್ಟಿ, ಶೇಂಗಾ ಚಟ್ನಿ ಇರಲಿ ಎನ್ನುತ್ತಾರೆ. ಹೊಸದುರ್ಗ, ಹಿರಿಯೂರಿನ ಕಡೆಯವರಿಗೆ ರಾಗಿ ಮುದ್ದೆ ಬೇಕು. ಭದ್ರಾ ನಾಲೆಯ ನೀರುಂಡ ಹರಿಹರದ ಕಡೆ ಅನ್ನಕ್ಕೇ ಮೊದಲ ಮಾನ. ಗೋಧಿ ಹುಗ್ಗಿಯ ವಿಷಯದಲ್ಲಿ ಯಾವ ತಾಲ್ಲೂಕಿನವರಿಗೂ ತಕರಾರಿಲ್ಲ. ಊಟ ಚೆನ್ನಾಗಿತ್ತು ಎಂದರೆ ಸಮ್ಮೇಳನ ಚೆನ್ನಾಗಿತ್ತು ಎಂದು ಅರ್ಥ. ಇದನ್ನು ಸಾಹಿತಿಗಳು ಗೇಲಿ ಮಾಡುತ್ತಾರೆ, ಎರಡನೆಯ ಸಲ ಹುಗ್ಗಿ ಬಡಿಸಿಕೊಂಡೇ ಗೇಲಿ ಮಾಡುತ್ತಾರೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಇಷ್ಟೆಲ್ಲ ದುಡಿಯುವವರು ಯಾರು? ಶಾಲೆಯ ಮೇಷ್ಟ್ರುಗಳು, ಪದವಿ ಕಾಲೇಜಿನ ಎನ್‌ಎಸ್‌ಎಸ್ ಹುಡುಗ ಹುಡುಗಿಯರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಗ್ರಂಥಾಲಯಕ್ಕೆ ದಿನಾ ಬಂದು ಹೋಗುವ ನಿವೃತ್ತರು. ಅಂದರೆ ಊರಿನಲ್ಲಿ ಪುಸ್ತಕ ಓದುವವರು ಅಂತ ಯಾರಾದರೂ ಇದ್ದರೆ ಹೆಚ್ಚುಪಾಲು ಇವರೇ. ಗೋಷ್ಠಿಯ ಒಂದು ಮಾತನ್ನೂ ಪೂರ್ತಿ ಕೇಳಲಾಗದವರೂ ಇವರೇ! ನೋಂದಣಿ ಮೇಜಿನಲ್ಲಿ ಕೂತವರಿಗೆ ಧ್ವನಿವರ್ಧಕದ ಗೊಗ್ಗರು ಸದ್ದು ಮಾತ್ರ ಕೇಳಿಸುತ್ತದೆ. ಸರ್ಕಾರಿ ನೌಕರರಿಗೆ ಓಓಡಿ, ಅಂದರೆ ಸಮ್ಮೇಳನಕ್ಕೆ ಬಂದ ದಿನವನ್ನು ಕರ್ತವ್ಯದ ದಿನವೆಂದೇ ಎಣಿಸುವ ಸೌಲಭ್ಯವಿರುವಾಗ ಹಾಜರಾತಿ ಪ್ರಮಾಣಪತ್ರದ ಸಾಲು ಮಧ್ಯಾಹ್ನದಿಂದಲೇ ಬೆಳೆಯುತ್ತದೆ. ಅದಕ್ಕೆ ಮೊಹರು ಒತ್ತುತ್ತಾ ಒತ್ತುತ್ತಾ ಒಬ್ಬ ಕನ್ನಡ ಅಧ್ಯಾಪಕ ತನಗಿಷ್ಟವಾದ ವಿಮರ್ಶಕರ ಭಾಷಣವನ್ನು ಕಳೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ಪ್ರಮಾಣಪತ್ರ ಪಡೆದವರಲ್ಲಿ ಕೆಲವರು ನೇರ ಬಸ್ ನಿಲ್ದಾಣಕ್ಕೆ ನಡೆದರು ಎಂಬುದನ್ನೂ ಹೇಳಿಬಿಡುತ್ತೇನೆ.

ಪೂರ್ಣಕುಂಭದ ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬೆಳಿಗ್ಗೆ ಎಂಟಕ್ಕೆ ಧ್ವಜಾರೋಹಣ, ಒಂಬತ್ತಕ್ಕೆ ಮೆರವಣಿಗೆ ಎಂದು ಅಚ್ಚಾಗಿರುತ್ತದೆ. ಸಾರೋಟು ಹೊರಡುವಾಗ ಹತ್ತೂವರೆ. ಡೊಳ್ಳು, ವೀರಗಾಸೆ, ನಂದಿಕೋಲುಗಳ ನಡುವೆ ಸಮ್ಮೇಳನಾಧ್ಯಕ್ಷರು ನೆರಳಿನ ಕೆಳಗೆ ಬರುತ್ತಾರೆ. ಮುಂದೆ ತುಂಬಿದ ಕೊಡ ಹಿಡಿದ ಹೆಂಗಸರು ಬಿಸಿಲಿನಲ್ಲಿ ನಡೆಯುತ್ತಾರೆ. ನಮ್ಮ ಬಯಲುಸೀಮೆಯ ಬಿಸಿಲು ಎಂಥದೆಂದು ನಿಮಗೆ ಗೊತ್ತು. ಸಭಾಂಗಣ ಮುಟ್ಟಿದಾಗ ಮುಂದಿನ ಸಾಲುಗಳೆಲ್ಲ ಭರ್ತಿಯಾಗಿರುತ್ತವೆ. ಅವರು ಹಿಂದೆ ನಿಂತು, ಸ್ವಲ್ಪ ಹೊತ್ತು ನೋಡಿ, ಮನೆಗೆ ಹೋಗುತ್ತಾರೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಮಹಿಳಾ ಸಾಹಿತ್ಯದ ಬಗ್ಗೆ ಯಾರೋ ಮಾತನಾಡುತ್ತಾರೆ, ಎದುರಿಗೆ ಖಾಲಿ ಕುರ್ಚಿಗಳು.

ಕವಿಗೋಷ್ಠಿಯ ಕಥೆ ನಿಮಗೆ ತಿಳಿದದ್ದೇ. ತನ್ನ ಕವಿತೆ ಮುಗಿದ ಕೂಡಲೇ ಕವಿ ಎದ್ದು ಹೋಗುತ್ತಾನೆ. ಕೊನೆಯ ಕವಿಯನ್ನು ಕೇಳುವವರು ಅಧ್ಯಕ್ಷತೆ ವಹಿಸಿದವರು ಮತ್ತು ಮೈಕಿನ ಹುಡುಗ. ಮೈಕಿನ ಹುಡುಗ, ನನಗನ್ನಿಸುತ್ತದೆ, ನಮ್ಮ ಜಿಲ್ಲೆಯಲ್ಲಿಯೇ ಅತಿ ಹೆಚ್ಚು ಕವಿತೆ ಕೇಳಿದವನು.

ಹೋಲಿಕೆಗೆ ಸಾಣೇಹಳ್ಳಿಯನ್ನು ನೋಡಿ. ಹೊಸದುರ್ಗ ತಾಲ್ಲೂಕಿನ ಚಿಕ್ಕ ಹಳ್ಳಿ. ನವೆಂಬರ್ ಬಂತೆಂದರೆ ಅಲ್ಲಿ ನಾಟಕೋತ್ಸವ, ಬಯಲು ರಂಗಮಂದಿರದ ಮೆಟ್ಟಿಲುಗಳ ತುಂಬ ಸುತ್ತಲಿನ ಹಳ್ಳಿಗಳ ಜನ. ರಾತ್ರಿ ನಾಟಕದ ಬೆಳಕು ಬಿದ್ದ ಮೇಲೆ ಓಡಾಡುವ ಕೆಲಸ ಉಳಿಯುವುದಿಲ್ಲ. ಬಡಿಸಿದವರೂ ಕೂತು ನೋಡಬಹುದು. ನಮ್ಮ ಸಮ್ಮೇಳನಗಳಲ್ಲಿ ಗೋಷ್ಠಿ, ಊಟ, ಸನ್ಮಾನ, ಪ್ರಮಾಣಪತ್ರ ಎಲ್ಲವೂ ಒಂದೇ ಹೊತ್ತಿಗೆ ನಡೆಯುತ್ತವೆ. ದುಡಿಯುವವರಿಗೆ ಕೂರುವ ಗಳಿಗೆಯೇ ಇಲ್ಲ.

ಆದ್ದರಿಂದ ನನ್ನದೊಂದು ಸಲಹೆ. ಗೋಷ್ಠಿಗಳನ್ನು ಅರ್ಧಕ್ಕೆ ಇಳಿಸಿ. ಗೋಷ್ಠಿ ನಡೆಯುವಾಗ ಊಟದ ಮನೆಯ ಬಾಗಿಲನ್ನೂ ಪ್ರಮಾಣಪತ್ರದ ಮೇಜನ್ನೂ ಮುಚ್ಚಿಬಿಡಿ. ಜನ ಗೊಣಗುತ್ತಾರೆ, ಗೊಣಗಲಿ. ಮೆರವಣಿಗೆಯಲ್ಲಿ ಕೊಡ ಹಿಡಿದವರ ಹೆಸರು ಬರೆದು ಮೊದಲ ಎರಡು ಸಾಲನ್ನು ಅವರಿಗೆ ಕಾದಿರಿಸಿ. ಶಾಲು, ಹಾರಗಳ ಬಾಬತ್ತಿನಲ್ಲಿ ಉಳಿಸಿದ ಹಣದಿಂದ ಮಳಿಗೆಯಲ್ಲಿ ಪುಸ್ತಕ ಕೊಂಡು, ಸ್ವಯಂಸೇವಕರ ಬ್ಯಾಡ್ಜ್ ಧರಿಸಿದ ಪ್ರತಿಯೊಬ್ಬರಿಗೂ ಅವರವರು ಆರಿಸಿಕೊಂಡ ಒಂದು ಪುಸ್ತಕ ಕೊಡಿ.

ಇನ್ನೂ ಒಂದಿದೆ. ಸಮ್ಮೇಳನದ ಹಿಂದಿನ ಸಂಜೆ ಅಧ್ಯಕ್ಷರು ಹೇಗೂ ಊರಿಗೆ ಬಂದಿರುತ್ತಾರೆ. ವಸತಿ ಗೃಹದಲ್ಲಿ ಅವರನ್ನು ಗಣ್ಯರು ಮುತ್ತಿಕೊಳ್ಳುವ ಮೊದಲು ಪೆಂಡಾಲಿಗೆ ಕರೆತನ್ನಿ. ಅಲ್ಲಿ ತರಕಾರಿ ಹೆಚ್ಚುವವರು, ಕಂಬಕ್ಕೆ ತೋರಣ ಕಟ್ಟುವವರು ಇರುತ್ತಾರೆ. ಒಂದು ತಾಸು ಅವರೊಡನೆ ಕೂತು ಮಾತನಾಡಲಿ, ಒಂದು ಕವಿತೆ ಓದಲಿ, ಪ್ರಶ್ನೆ ಕೇಳಿದರೆ ಉತ್ತರ ಹೇಳಲಿ. ಮೈಕ್ ಬೇಡ, ನಿರೂಪಕರು ಬೇಡ, ವಂದನಾರ್ಪಣೆಯಂತೂ ಬೇಡವೇ ಬೇಡ. ಈ ಸಲದ ಪೂರ್ವಭಾವಿ ಸಭೆಯಲ್ಲಿ ಯಾರಾದರೂ ಈ ಮಾತನ್ನು ಎತ್ತಿದರೆ, ಆ ಸಂಜೆಯ ಚಹದ ಖರ್ಚು ನನ್ನ ಹೆಸರಿಗೆ ಬರೆದುಕೊಳ್ಳಬಹುದು.

ನಮಸ್ಕಾರ.