ಒಡೆದ ಹದಿನೈದು ಕಪ್ಪುಗಳು

ಕೇಳುಗರಿಗೆ ನಮಸ್ಕಾರ.

ಒಬ್ಬ ಹುಡುಗನನ್ನು ಊಟಕ್ಕೆ ಕರೆಯುತ್ತಾರೆ. ಅವನು ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾನೆ. ಬಾಗಿಲ ಹಿಂದೆ ಕುರ್ಚಿಯ ಮೇಲೆ ತಟ್ಟೆಯಲ್ಲಿ 15 ಕಪ್ಪುಗಳಿದ್ದವೆಂದು ಅವನಿಗೇನು ಗೊತ್ತು? ಎಲ್ಲವೂ ಪುಡಿಪುಡಿ. ಇನ್ನೊಬ್ಬ ಹುಡುಗ ಅಮ್ಮ ಮನೆಯಲ್ಲಿಲ್ಲದ ಹೊತ್ತು ನೋಡಿ ಬೀರುವಿನಲ್ಲಿದ್ದ ಜಾಮ್ ಕದಿಯಲು ಕುರ್ಚಿ ಹತ್ತುತ್ತಾನೆ. ಕೈ ತಗುಲಿ ಒಂದು ಕಪ್ಪು ಬಿದ್ದು ಒಡೆಯುತ್ತದೆ. ಇಬ್ಬರಲ್ಲಿ ಯಾರ ತಪ್ಪು ದೊಡ್ಡದು?

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳಿಗೆ ಈ ಕತೆ ಹೇಳಿ, ಅವರು ಕೊಟ್ಟ ಉತ್ತರಗಳನ್ನು 1932ರಲ್ಲಿ ಪ್ರಕಟಿಸಿದರು. ಚಿಕ್ಕವರಲ್ಲಿ ಅನೇಕರು ಕಪ್ಪುಗಳನ್ನು ಎಣಿಸಿದರು. 15 ಒಡೆದವನೇ ಕೆಟ್ಟವನು. ಒಂಬತ್ತು ಹತ್ತು ವರ್ಷದ ಹೊತ್ತಿಗೆ ಮಕ್ಕಳು ಎಣಿಕೆ ಬಿಟ್ಟು ಹುಡುಗನ ಮನಸ್ಸನ್ನು ನೋಡತೊಡಗಿದ್ದರು. ಈ ಬದಲಾವಣೆಗೆ ಹಿರಿಯರ ಉಪದೇಶ ಕಾರಣವಲ್ಲ ಎಂಬುದು ಪಿಯಾಜೆಯವರ ವಾದ. ಗೋಲಿಯಾಟವನ್ನು ಅವರು ಗಮನವಿಟ್ಟು ನೋಡಿದ್ದರು. ಪುಟ್ಟವರಿಗೆ ಆಟದ ನಿಯಮವೆಂದರೆ ದೊಡ್ಡವರು ಎಳೆದ ಗೆರೆ, ಅಳಿಸುವಂತಿಲ್ಲ. ಬೆಳೆದವರಿಗೆ ಅದು ಎಲ್ಲರೂ ಒಪ್ಪಿದರೆ ಬದಲಾಯಿಸಬಹುದಾದ ಕರಾರು. ಓರಗೆಯವರೊಡನೆ ಜಗಳವಾಡಿ, ರಾಜಿಯಾಗಿ, ಮತ್ತೆ ಆಡುವಲ್ಲಿಯೇ ನ್ಯಾಯದ ಬುದ್ಧಿ ಬಲಿಯುತ್ತದೆ ಎಂದರು. ಆಟದ ಬಯಲಿನ ಗಲಾಟೆಯನ್ನು ಗದರಿಸಿ ಅಡಗಿಸುವ ನಾವು ಶಿಕ್ಷಕರು ಈ ಮಾತನ್ನು ಇನ್ನೂ ಕಿವಿಗೆ ಹಾಕಿಕೊಂಡಿಲ್ಲ.

ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ನಾನೂ ಮೂರನೆಯ ತರಗತಿಗೆ ಈ ಕತೆ ಹೇಳಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ಅವನ ಕಾಲಿಗೆ ಚೂರು ಚುಚ್ಚಲಿಲ್ಲವೇ?" ಎಂದಳು. ಕೇಳಿದ್ದಕ್ಕೆ ಉತ್ತರ ಹೇಳು ಎಂದು ಅವಳನ್ನು ಕೂರಿಸಿಬಿಟ್ಟೆ.

ಪಿಯಾಜೆಯವರ ದಾರಿಯನ್ನು ಮುಂದುವರಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್. 1958ರ ಅವರ ಪಿಎಚ್.ಡಿ. ಪ್ರಬಂಧಕ್ಕೆ 10ರಿಂದ 16 ವರ್ಷದ 72 ಹುಡುಗರ ಮಾತುಗಳೇ ಆಧಾರ. ಅವರ ಪ್ರಸಿದ್ಧ ಕತೆಯಲ್ಲಿ ಹೈನ್ಜ್ ಎಂಬಾತನ ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಳೆ. ಔಷಧಿಯವನು ತಗಲುವ ವೆಚ್ಚದ ಹತ್ತುಪಟ್ಟು ಬೆಲೆ ಕೇಳುತ್ತಾನೆ. ಸಾಲ ಎತ್ತಿದರೂ ಗಂಡನ ಕೈಗೆ ಬಂದದ್ದು ಅದರಲ್ಲಿ ಅರ್ಧ. ಅವನು ಔಷಧಿ ಕದಿಯಬೇಕೇ? ಹೌದೋ ಅಲ್ಲವೋ ಎಂಬುದಕ್ಕಿಂತ, ಏಕೆ ಎಂಬುದು ಕೋಲ್‌ಬರ್ಗರಿಗೆ ಮುಖ್ಯ. ಶಿಕ್ಷೆಯ ಭಯ, ಲಾಭದ ಲೆಕ್ಕ, ನಾಲ್ಕು ಜನರ ಮೆಚ್ಚುಗೆ, ಕಾನೂನಿನ ಗೌರವ, ಸಮಾಜದ ಒಡಂಬಡಿಕೆ, ಕೊನೆಗೆ ಎಲ್ಲರಿಗೂ ಸಲ್ಲುವ ನ್ಯಾಯತತ್ತ್ವ ಹೀಗೆ ಆರು ಮೆಟ್ಟಿಲುಗಳನ್ನು ಅವರು ಕಟ್ಟಿದರು.

ಆ 72 ಮಂದಿಯಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ಹಾರ್ವರ್ಡ್‌ನಲ್ಲಿ ಅವರ ಸಹೋದ್ಯೋಗಿಯಾಗಿದ್ದ ಕ್ಯಾರಲ್ ಗಿಲಿಗನ್ 1982ರಲ್ಲಿ ಎತ್ತಿದ ಆಕ್ಷೇಪ ಇಲ್ಲಿಂದಲೇ ಹುಟ್ಟಿತು. ಹುಡುಗರ ಮಾತಿನಿಂದ ಕಟ್ಟಿದ ಮೆಟ್ಟಿಲುಗಳಲ್ಲಿ ಹುಡುಗಿಯರ ಯೋಚನೆಗೆ ಕೆಳಗಿನ ಸ್ಥಾನ ಸಿಗುತ್ತದೆ ಎಂಬುದು ಅದರ ಸಾರ. ಏಮಿ ಎಂಬ ಹೆಸರಿನಲ್ಲಿ ಅವರು ಪರಿಚಯಿಸುವ 11 ವರ್ಷದ ಹುಡುಗಿ ಹೇಳುತ್ತಾಳೆ: ಕದ್ದರೆ ಗಂಡ ಜೈಲಿಗೆ ಹೋಗಬಹುದು, ಹೆಂಡತಿಯ ಕಾಯಿಲೆ ಹೆಚ್ಚಿದರೆ ನೋಡುವವರು ಯಾರು? ಕೂತು ಮಾತನಾಡಿ ಬೇರೆ ದಾರಿ ಹುಡುಕಬೇಕು. ಸಂದರ್ಶಕರು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಂತೆ ಹುಡುಗಿಯ ದನಿ ಕುಗ್ಗುತ್ತಾ ಹೋಯಿತು. ಈ ಮೆಟ್ಟಿಲುಗಳ ಅಳತೆಯಲ್ಲಿ ಹುಡುಗ ಹುಡುಗಿಯರು ಪಡೆಯುವ ಅಂಕಗಳಲ್ಲಿ ದೊಡ್ಡ ಅಂತರವಿಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿದವು, ನಿಜ. ಆದರೂ ಏಮಿಯ ಮಾತನ್ನು ಓದಿದ ದಿನ ನನಗೆ ನೆನಪಾದದ್ದು ನಾನು ಕೂರಿಸಿದ ಆ ಹುಡುಗಿ.

ಈ ಚರ್ಚೆಗೆ ನಮ್ಮ ಮೈಸೂರೂ ಸೇರಿದೆ. ಜೋನ್ ಮಿಲ್ಲರ್ ಮತ್ತು ಡೇವಿಡ್ ಬರ್ಸಾಫ್ ಎಂಬ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ನ್ಯೂ ಹೇವನ್ನಿನವರಿಗೂ ಮೈಸೂರಿನವರಿಗೂ ಒಂದೇ ಬಗೆಯ ಇಕ್ಕಟ್ಟುಗಳನ್ನು ಒಡ್ಡಿದ್ದರು. ಗೆಳೆಯನ ಮದುವೆಗೆ ಉಂಗುರ ತಲುಪಿಸಬೇಕಾದವನ ಹಣವೆಲ್ಲ ನಿಲ್ದಾಣದಲ್ಲಿ ಕಳವಾಗಿದೆ. ಬೇರೊಬ್ಬರ ಕೋಟಿನ ಜೇಬಿನಲ್ಲಿ ರೈಲು ಟಿಕೆಟ್ ಕಾಣುತ್ತಿದೆ. ಅಮೆರಿಕದವರಲ್ಲಿ ಹೆಚ್ಚಿನವರು ಮುಟ್ಟಬಾರದೆಂದರೆ, ಮೈಸೂರಿನ ಹೆಚ್ಚಿನವರು ತೆಗೆದುಕೊಂಡು ಹೊರಡಲಿ ಎಂದರು. ಇವರಿಗೆ ಕಳವು ತಪ್ಪೆಂದು ಗೊತ್ತಿರಲಿಲ್ಲವೆಂದಲ್ಲ. ಗೆಳೆಯನಿಗೆ ಒದಗುವುದು ಮನಸ್ಸಿದ್ದರೆ ಮಾಡುವ ಉಪಕಾರವಲ್ಲ, ಮಾಡಲೇಬೇಕಾದ ಧರ್ಮ ಎಂಬುದು ಅವರ ಕಾರಣವಾಗಿತ್ತು.