ಗೇಜ್ ಕೇಳಿದರೆ ಸಾಲದು: ಜಿರ್ಕೋನಿಯಂ ತೆಳು ಶೀಟ್ ಕಥೆ

ನಮಸ್ಕಾರ. ನಮ್ಮ ಹಾಸನದಲ್ಲಿ ಫ್ಯಾಬ್ರಿಕೇಶನ್ ಶೆಡ್‌ಗೆ ಹೋಗಿ ಶೀಟ್ ಬೇಕು ಅಂದರೆ ಮೊದಲು ಬರುವ ಪ್ರಶ್ನೆ, "ಗೇಜ್ ಎಷ್ಟು?" ದಪ್ಪ ಇದ್ದರೆ ಒಳ್ಳೆಯದು, ತೆಳು ಇದ್ದರೆ ಕಳಪೆ. ಕಾಫಿ ತೋಟದ ನೀರಿನ ಟ್ಯಾಂಕಿಗೆ ಈ ಲೆಕ್ಕ ಸರಿ. ಜಿರ್ಕೋನಿಯಂ ಎಂಬ ಲೋಹಕ್ಕೆ ಇದು ನಡೆಯುವುದಿಲ್ಲ.

ಕೈಗಾ ರಿಯಾಕ್ಟರನ್ನೇ ನೋಡಿ. ಅಲ್ಲಿ ಯುರೇನಿಯಂ ತುಂಬುವ ಕೊಳವೆ ಜಿರ್ಕೋನಿಯಂ ಮಿಶ್ರಲೋಹದ್ದು. ಗೋಡೆಯ ದಪ್ಪ ಅರ್ಧ ಮಿಲಿಮೀಟರಿಗೂ ಕಡಿಮೆ! ಯಾಕೆ? ಅಲ್ಲಿ ಉರಿಯುವುದು ನೈಸರ್ಗಿಕ ಯುರೇನಿಯಂ. ಅದರಲ್ಲಿ ಕೆಲಸಕ್ಕೆ ಬರುವ ಯುರೇನಿಯಂ-235 ಇರುವುದು ಶೇಕಡಾ 0.7 ಮಾತ್ರ. ಯುರೇನಿಯಂ ಪರಮಾಣುವನ್ನು ಒಡೆದು ಶಾಖ ಹುಟ್ಟಿಸುವ ಕಣವೇ ನ್ಯೂಟ್ರಾನ್, ಹಾಗಾಗಿ ಒಂದೊಂದು ನ್ಯೂಟ್ರಾನೂ ಮುಖ್ಯ. ಲೋಹ ದಪ್ಪವಾದಷ್ಟೂ ಅದು ನುಂಗುವ ನ್ಯೂಟ್ರಾನ್ ಜಾಸ್ತಿ. ಜಿರ್ಕೋನಿಯಂ ತೀರಾ ಕಡಿಮೆ ನುಂಗುತ್ತದೆ, ಅದಕ್ಕೇ ಅದನ್ನು ಆರಿಸಿದ್ದು.

ಆದರೆ ಅದಿರಿನಲ್ಲಿ ಇದರ ಜೊತೆಗೇ ಹಾಫ್ನಿಯಂ ಎಂಬ ಇನ್ನೊಂದು ಲೋಹ ಇರುತ್ತದೆ. ಅದು ನ್ಯೂಟ್ರಾನನ್ನು ನೂರಾರು ಪಟ್ಟು ಹೆಚ್ಚು ನುಂಗುತ್ತದೆ. ಎರಡರ ರಾಸಾಯನಿಕ ಗುಣ ಬಹುತೇಕ ಒಂದೇ, ಬೇರ್ಪಡಿಸುವುದು ಬಹಳ ಕಷ್ಟ. ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸ್ ಈ ಕೆಲಸ ಮಾಡುತ್ತಿದೆ. ನನಗೆ ಇದು ದೊಡ್ಡ ಹೆಮ್ಮೆಯ ವಿಷಯ.

ಆ್ಯಸಿಡ್ ಕಾರ್ಖಾನೆಗಳಿಗೂ ಜಿರ್ಕೋನಿಯಂ ಬೇಕು. ಗಾಳಿ ತಗುಲಿದ ಕೂಡಲೇ ಮೇಲೆ ತೆಳುವಾದ ಆಕ್ಸೈಡ್ ಪದರ ಕೂರುತ್ತದೆ. ಸ್ಟೇನ್‌ಲೆಸ್ ಸ್ಟೀಲನ್ನು ತಿಂದುಹಾಕುವ ಹೈಡ್ರೋಕ್ಲೋರಿಕ್ ಆ್ಯಸಿಡ್ ಆ ಪದರವನ್ನು ದಾಟುವುದಿಲ್ಲ. ಹಾಗಾಗಿ ಉಕ್ಕಿನ ಪಾತ್ರೆಯ ಒಳಗೆ ತೆಳು ಜಿರ್ಕೋನಿಯಂ ಶೀಟ್ ಹೊದಿಸುತ್ತಾರೆ. ಆದರೆ ಹೈಡ್ರೋಫ್ಲೋರಿಕ್ ಆ್ಯಸಿಡ್ ಮುಂದೆ ಇದು ಸೋಲುತ್ತದೆ.

ಇದರ ಅಪಾಯವನ್ನೂ ಹೇಳಲೇಬೇಕು. ವಿಪರೀತ ಬಿಸಿಯಲ್ಲಿ ಇದು ಹಬೆಯ ಜೊತೆ ಸೇರಿ ಹೈಡ್ರೋಜನ್ ಬಿಡುತ್ತದೆ. 2011ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ಕಟ್ಟಡಗಳು ಸಿಡಿದದ್ದು ಅಂಥ ಹೈಡ್ರೋಜನ್‌ನಿಂದಲೇ.

ಈಗ ನನ್ನ ಒತ್ತಾಯಕ್ಕೆ ಬರುತ್ತೇನೆ. ಹಾಸನ, ಚಿಕ್ಕಮಗಳೂರಿನ ಐಟಿಐ ಹುಡುಗ ಹುಡುಗಿಯರಿಗೆ ಇಂಥ ಲೋಹದ ವೆಲ್ಡಿಂಗ್ ಕಲಿಸಬೇಕು. ಮಾಮೂಲಿ ಟಿಗ್ ವೆಲ್ಡಿಂಗ್ (ಟಂಗ್‌ಸ್ಟನ್ ಕಡ್ಡಿಯಿಂದ ಮಾಡುವ ವಿದ್ಯುತ್ ಬೆಸುಗೆ) ಬಂದರೆ ಸಾಲದು. ಜಿರ್ಕೋನಿಯಂ ಬಿಸಿಯಾದಾಗ ಗಾಳಿಯ ಆಮ್ಲಜನಕ, ಸಾರಜನಕ ಎರಡನ್ನೂ ಎಳೆದುಕೊಂಡು ಪೆಡಸಾಗುತ್ತದೆ. ಗಾಳಿ ತಗುಲದಂತೆ ಶೀಟಿನ ಮುಂದೆಯೂ ಹಿಂದೆಯೂ ಆರ್ಗಾನ್ ಅನಿಲ ಬಿಡಬೇಕು, ಜಾಯಿಂಟ್ ತಣ್ಣಗಾಗುವವರೆಗೂ ನಿಲ್ಲಿಸಬಾರದು. ಬೆಸುಗೆ ಬೆಳ್ಳಿ ಬಣ್ಣದಲ್ಲಿ ಹೊಳೆದರೆ ಸರಿ. ನೀಲಿಗೆ ತಿರುಗಿದರೆ ಗಾಳಿ ಒಳಗೆ ಹೋಗಿದೆ ಅಂತ.

ದುಬಾರಿ ಲೋಹ, ಎಲ್ಲಿಂದ ತರುವುದು ಅಂತೀರಾ? ಟೈಟಾನಿಯಂ ಚೂರುಗಳ ಮೇಲೆ ಅಭ್ಯಾಸ ಮಾಡಿಸಿ, ಅದಕ್ಕೂ ಇದೇ ಶಿಸ್ತು ಬೇಕು. ಜೊತೆಗೆ ಇನ್ನೊಂದನ್ನು ಮೊದಲ ದಿನವೇ ಹೇಳಿಕೊಡಿ. ಜಿರ್ಕೋನಿಯಂನ ಸಣ್ಣ ಚೂರು, ಪುಡಿ ಕಿಡಿ ತಗುಲಿದರೆ ಹತ್ತಿಕೊಂಡು ಉರಿಯುತ್ತದೆ. ಅದಕ್ಕೆ ನೀರು ಹಾಕಬಾರದು. ಒಣ ಮರಳಿನ ಬಕೆಟ್ ಬೆಂಚಿನ ಪಕ್ಕದಲ್ಲೇ ಇರಲಿ.